ಮೆಜೆಸ್ಟಿಕ್‌ನಲ್ಲಿ ರೂಮ್ ಮಾಡುವ ಮುನ್ನ: ಸ್ಟೇಷನ್ ಎದುರೋ, ಗಾಂಧಿನಗರವೋ, ಕಾಟನ್‌ಪೇಟೆಯೋ, ಶೇಷಾದ್ರಿಪುರವೋ?

"ಬೆಂಗಳೂರಾಗ ಎರಡು ದಿನದ ಕೆಲಸ ಐತ್ರಿ, ಮೆಜೆಸ್ಟಿಕ್ ಹತ್ರ ಒಂದು ಚಲೋ ಲಾಡ್ಜ್ ಇದ್ರ ಹೇಳ್ರಿ." ಊರ ಕಡೆಯಿಂದ ಬರುವ ಈ ಫೋನಿಗೆ ನಾನು ತಕ್ಷಣ ಲಾಡ್ಜಿನ ಹೆಸರು ಹೇಳುವುದಿಲ್ಲ. ಯಾವ ರೈಲಿಗೆ ಬರ್ತೀರಿ, ಕೆಲಸ ಯಾವ ದಿಕ್ಕಿಗೆ, ಜೊತೆಗೆ ಯಾರಿದ್ದಾರೆ ಎಂದು ತಿರುಗಿ ಕೇಳುತ್ತೇನೆ. ‘ಮೆಜೆಸ್ಟಿಕ್ ಹತ್ತಿರ’ ಅಂದರೆ ಸ್ಟೇಷನ್ ಎದುರಿನ ಗುಬ್ಬಿ ತೋಟದಪ್ಪ ರಸ್ತೆಯೂ ಆಗಬಹುದು, ಗಾಂಧಿನಗರದ ಕ್ರಾಸುಗಳೂ ಆಗಬಹುದು, ಕಾಟನ್‌ಪೇಟೆ, ಆನಂದರಾವ್ ಸರ್ಕಲ್, ಹಳಿಯಾಚೆಯ ಮಾಗಡಿ ರಸ್ತೆಯೂ ಆಗಬಹುದು. ಕೈ ಬೀಸಿಕೊಂಡು ನಡೆಯುವವರಿಗೆ ಇವೆಲ್ಲ ಒಂದೇ ಊರು. ಬೆಳಗಿನ ಜಾವ ಎರಡು ಸೂಟ್‌ಕೇಸು, ಒಂದು ಬುತ್ತಿ ಗಂಟು, ಮೊಣಕಾಲು ನೋವಿನ ಅಮ್ಮನನ್ನು ಕಟ್ಟಿಕೊಂಡು ಇಳಿದವರಿಗೆ ಮಾತ್ರ ಇವು ಬೇರೆ ಬೇರೆ ಊರುಗಳೇ.

ಈ ಪ್ರದೇಶ ಹೀಗೆ ಬೆಳೆದಿರುವುದಕ್ಕೆ ರೈಲೇ ಕಾರಣ. ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ, ಅದೂ ದಂಡು ಪ್ರದೇಶಕ್ಕೆ. 1880ರ ದಶಕದ ಆರಂಭದಲ್ಲಿ ಮೈಸೂರಿನ ಹಳಿ ಬಂದಾಗ ಪೇಟೆಯ ಪಶ್ಚಿಮ ಅಂಚಿನಲ್ಲಿ, ಧರ್ಮಾಂಬುಧಿ ಕೆರೆಯ ಪಕ್ಕ ಸಿಟಿ ಸ್ಟೇಷನ್ ಬೆಳೆಯಿತು. ಇಳಿದವರಿಗೆ ತಂಗಲು ಜಾಗವಿಲ್ಲದ್ದನ್ನು ಕಂಡ ವ್ಯಾಪಾರಿ ಗುಬ್ಬಿ ತೋಟದಪ್ಪನವರು ಸ್ಟೇಷನ್ ಎದುರಿಗೇ ಧರ್ಮಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಛತ್ರದ ಹಿಂದೆ ಲಾಡ್ಜುಗಳು, ಲಾಡ್ಜುಗಳ ಹಿಂದೆ ಹೋಟೆಲು, ಟಾಕೀಸು. ಆಮೇಲೆ ಕೆರೆ ಬತ್ತಿ, ಅದರ ಅಂಗಳದಲ್ಲೇ ಬಸ್ ನಿಲ್ದಾಣ ಎದ್ದಿತು. ಕೆರೆ ಏರಿಯ ಗುರುತಾಗಿ ಟ್ಯಾಂಕ್ ಬಂಡ್ ರಸ್ತೆ ಉಳಿದಿದೆ. ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ: ಇಲ್ಲಿನ ಲಾಡ್ಜು ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ, ಕೆಲಸಕ್ಕೆ ಬಂದು ಹೋಗುವವರಿಗಾಗಿ ಹುಟ್ಟಿದ್ದು. ಅದರ ಲೆಕ್ಕಾಚಾರವೂ ಹಾಗೇ ಇದೆ.

ಮೊದಲು ನೋಡಬೇಕಾದದ್ದು

ಬಾಡಿಗೆಗಿಂತ ಮೊದಲು ಗಡಿಯಾರ ನೋಡಿ. ಇಲ್ಲಿ ಎರಡು ಬಗೆಯ ವ್ಯವಸ್ಥೆ ಇದೆ. ಹಳೆಯ ಲಾಡ್ಜುಗಳಲ್ಲಿ ಬಹುಪಾಲು ‘24 ಗಂಟೆ ಚೆಕ್‌ಔಟ್’: ನೀವು ಒಳಗೆ ಬಂದ ಹೊತ್ತಿನಿಂದ ಮರುದಿನ ಅದೇ ಹೊತ್ತಿನವರೆಗೆ ಒಂದು ದಿನ. ಹೊಸ ಹೋಟೆಲುಗಳಲ್ಲಿ, ಆ್ಯಪಿನಲ್ಲಿ ಬುಕ್ ಮಾಡುವ ರೂಮುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 12ರಿಂದ ಮರುದಿನ ಬೆಳಿಗ್ಗೆ 11 ಅಥವಾ 12ರ ತನಕ. ರಾಣಿ ಚೆನ್ನಮ್ಮ, ಹಂಪಿ ಎಕ್ಸ್‌ಪ್ರೆಸ್‌ಗಳಲ್ಲಿ ಬಂದವರು ಬೆಳಗಿನ ಹೊತ್ತಿಗೇ ಇಳಿಯುತ್ತಾರೆ. ಆರಕ್ಕೆ ರೂಮ್ ಹಿಡಿದು, ಸ್ನಾನ ಮಾಡಿ, ಕೆಲಸ ಮುಗಿಸಿ, ಅದೇ ರಾತ್ರಿ ಹತ್ತರ ರೈಲು ಹಿಡಿಯುವವರಿದ್ದಾರೆ ಎನ್ನಿ. 24 ಗಂಟೆಯ ಲಾಡ್ಜಿನಲ್ಲಿ 900 ರೂಪಾಯಿಯ ರೂಮಿಗೆ 900ರಲ್ಲೇ ಮುಗಿಯಿತು. ಮಧ್ಯಾಹ್ನ 12ರ ಲೆಕ್ಕದ ಹೋಟೆಲಿನಲ್ಲಿ 700 ರೂಪಾಯಿಯ ರೂಮಿಗೆ ಬೆಳಿಗ್ಗೆ ಒಂದು ದಿನ, ಮಧ್ಯಾಹ್ನದಿಂದ ಇನ್ನೊಂದು ದಿನ, ಒಟ್ಟು 1,400. ಅಗ್ಗವೆಂದು ಕಂಡದ್ದೇ ದುಬಾರಿ. ರಾತ್ರಿ ಎಂಟಕ್ಕೆ ಬಂದು ಬೆಳಿಗ್ಗೆ ಹೊರಡುವವರಿಗೆ ಈ ತಾಪತ್ರಯವಿಲ್ಲ. ಅವರಿಗೆ ಎರಡೂ ಒಂದೇ, ಕಡಿಮೆ ಬಾಡಿಗೆಯದನ್ನೇ ಹಿಡಿಯಲಿ.

ಎರಡನೆಯದು ದಾರಿ. ಮ್ಯಾಪಿನಲ್ಲಿ ‘400 ಮೀಟರ್’ ಎಂದಿರುವುದನ್ನು ನಂಬಿ ರೂಮ್ ಮಾಡಬೇಡಿ. ಸ್ಟೇಷನ್ನಿನ ಮುಖ್ಯ ದ್ವಾರದಿಂದ ಬಸ್ ನಿಲ್ದಾಣದ ಕಡೆ ಬರಲು ಸುರಂಗದಾರಿ ಇದೆ. ಇಳಿಯುವಾಗ ಮೆಟ್ಟಿಲು, ಹತ್ತುವಾಗ ಮೆಟ್ಟಿಲು, ನಡುವೆ ಬೆಲ್ಟು, ಚಾರ್ಜರ್ ಮಾರುವವರು. ಹಳಿಯ ಪಶ್ಚಿಮಕ್ಕಿರುವ ರೂಮು ಮ್ಯಾಪಿನಲ್ಲಿ ಪ್ಲಾಟ್‌ಫಾರಂಗೆ ಅಂಟಿಕೊಂಡಂತೆ ಕಂಡರೂ, ಅಲ್ಲಿಂದ ಬಸ್ ನಿಲ್ದಾಣಕ್ಕೆ ಆಟೋದಲ್ಲಿ ಬರಬೇಕೆಂದರೆ ಓಕಳಿಪುರದ ಕೆಳಸೇತುವೆ ಸುತ್ತಬೇಕು. ಜೋರು ಮಳೆ ಬಂದ ಸಂಜೆ ಅಲ್ಲಿ ನೀರು ನಿಲ್ಲುತ್ತದೆ, ಗಾಡಿಗಳೂ ನಿಲ್ಲುತ್ತವೆ.

ಮೂರನೆಯದು, ಕೆಲಸ ಎಲ್ಲಿ ಎನ್ನುವುದು. ಮೆಟ್ರೋದ ನೇರಳೆ ಮಾರ್ಗ, ಹಸಿರು ಮಾರ್ಗ ಎರಡೂ ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ. ಹೈಕೋರ್ಟು, ವಿಧಾನಸೌಧ, ಕೆಪಿಎಸ್‌ಸಿಯ ಉದ್ಯೋಗ ಸೌಧದ ಕೆಲಸವಿದ್ದರೆ ನೇರಳೆ ಮಾರ್ಗದಲ್ಲಿ ಎರಡನೇ ಸ್ಟಾಪು, ವಿಧಾನಸೌಧ. ಸಿಟಿ ಸಿವಿಲ್ ಕೋರ್ಟಿಗಾದರೆ ಅದಕ್ಕೂ ಮೊದಲಿನ ಸೆಂಟ್ರಲ್ ಕಾಲೇಜು. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಆಸ್ಪತ್ರೆಗಳಿಗೆ ಹಸಿರು ಮಾರ್ಗದಲ್ಲಿ ಕೆ.ಆರ್. ಮಾರ್ಕೆಟ್. ಜಯದೇವಕ್ಕೆ ಹೋಗುವವರಿಗೆ 2025ರಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ನಿರಾಳ: ಹಸಿರು ಮಾರ್ಗದಲ್ಲಿ ಆರ್.ವಿ. ರೋಡ್‌ವರೆಗೆ ಹೋಗಿ, ಹಳದಿಗೆ ಬದಲಿಸಿದರೆ ಆಸ್ಪತ್ರೆಯ ಹೆಸರಿನದೇ ಸ್ಟೇಷನ್. ನಿಮ್ಹಾನ್ಸ್, ಕಿದ್ವಾಯಿಗೆ ಮಾತ್ರ ಇನ್ನೂ ಬಸ್ಸೇ ಗತಿ.

ನಾಲ್ಕನೆಯದನ್ನು ಬಹಳ ಮಂದಿ ಮರೆಯುತ್ತಾರೆ: ವಾಪಸ್ ಹೋಗುವ ರೈಲು ಎಲ್ಲಿಂದ ಹೊರಡುತ್ತದೆ? ಬೆಂಗಳೂರಿನ ರೈಲೆಲ್ಲ ಈಗ ಸಿಟಿ ಸ್ಟೇಷನ್ನಿಂದ ಹೊರಡುವುದಿಲ್ಲ. ಟಿಕೆಟ್ಟಿನ ಮೇಲೆ ಕೆಎಸ್‌ಆರ್ ಬೆಂಗಳೂರು, ಅಂದರೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ, ಎಂದಿದ್ದರೆ ಮಾತ್ರ ಮೆಜೆಸ್ಟಿಕ್. ಯಶವಂತಪುರ ಎಂದಿದ್ದರೂ ಚಿಂತೆಯಿಲ್ಲ, ಹಸಿರು ಮಾರ್ಗದಲ್ಲಿ ನೇರ ಹೋಗಬಹುದು. ಎಸ್‌ಎಂವಿಟಿ ಎಂದಿದ್ದರೆ ಅದು ಬೈಯಪ್ಪನಹಳ್ಳಿ ಬಳಿಯ, 2022ರಲ್ಲಿ ತೆರೆದ ಹೊಸ ಟರ್ಮಿನಲ್. ಅಲ್ಲಿಗೆ ಮೆಟ್ರೋ ಬಾಗಿಲವರೆಗೆ ಹೋಗುವುದಿಲ್ಲ. ಕಲಬುರಗಿ ವಂದೇ ಭಾರತ್ ಬಂದು ಹೋಗುವುದು ಅಲ್ಲಿಗೇ. ಕಲಬುರಗಿಯವರು ಹಳೆ ರೂಢಿಯಂತೆ ಮೆಜೆಸ್ಟಿಕ್‌ನಲ್ಲಿ ರೂಮ್ ಮಾಡಿ ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಬೈಯಪ್ಪನಹಳ್ಳಿಗೆ ಓಡುವುದನ್ನು ನೋಡಿದರೆ ಪಾಪ ಅನ್ನಿಸುತ್ತದೆ. ಬಸ್ಸಿನವರಿಗೂ ಇಂಥದ್ದೇ ಮಾತು: ಮೈಸೂರು, ಮಂಡ್ಯ, ಮಡಿಕೇರಿ ಕಡೆಯ ಹೆಚ್ಚಿನ ಬಸ್ಸು ಹೊರಡುವುದು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ.

ಸ್ಟೇಷನ್ ಒಳಗೇ

ರೈಲ್ವೆಯ ರಿಟೈರಿಂಗ್ ರೂಮು, ಡಾರ್ಮಿಟರಿಗಳನ್ನು ಜನ ಯಾಕೆ ಮೊದಲು ನೋಡುವುದಿಲ್ಲವೋ ನನಗೆ ಅರ್ಥವಾಗಿಲ್ಲ. ಖಾತ್ರಿಯಾದ ಅಥವಾ ಆರ್‌ಎಸಿ ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆ ಇದ್ದರೆ ಐಆರ್‌ಸಿಟಿಸಿಯಲ್ಲಿ ಮುಂಗಡವಾಗಿ ಕಾಯ್ದಿರಿಸಬಹುದು. ರಾತ್ರಿ ಹನ್ನೊಂದಕ್ಕೆ ಇಳಿದು ಬೆಳಿಗ್ಗೆ ಇನ್ನೊಂದು ರೈಲು ಹಿಡಿಯುವವರಿಗೆ, ಪರೀಕ್ಷೆ ಬರೆಯಲು ಒಬ್ಬನೇ ಬರುವ ಹುಡುಗನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ರಸ್ತೆ ದಾಟುವುದಿಲ್ಲ, ಆಟೋದವರೊಂದಿಗೆ ಚೌಕಾಸಿ ಇಲ್ಲ.

ತೊಂದರೆ ಎರಡು. ಇರುವ ಹಾಸಿಗೆ ಕಡಿಮೆ, ಕೊನೇ ಗಳಿಗೆಯಲ್ಲಿ ಸಿಗುವುದಿಲ್ಲ. ಎರಡನೆಯದು ಸದ್ದು: "ಯಾತ್ರಿಗಳು ದಯವಿಟ್ಟು ಗಮನಿಸಿ" ರಾತ್ರಿಯಿಡೀ ಕಿವಿಗೆ ಬೀಳುತ್ತದೆ. ಹಗುರ ನಿದ್ದೆಯವರಿಗೆ ಆಗದು.

ಸ್ಟೇಷನ್ ಎದುರು: ಗುಬ್ಬಿ ತೋಟದಪ್ಪ ರಸ್ತೆ, ಟ್ಯಾಂಕ್ ಬಂಡ್ ರಸ್ತೆ

ಇಲ್ಲಿ ಕೊಡುವ ದುಡ್ಡು ರೂಮಿಗಲ್ಲ, ಜಾಗಕ್ಕೆ. ಅದೇ ಅಗಲದ ರೂಮು, ಅದೇ ಬಕೆಟ್ಟು, ಅದೇ ಮಾಸಿದ ಹೊದಿಕೆ ಎರಡು ಬೀದಿ ಒಳಗೆ ಹೋದರೆ ಕಡಿಮೆಗೆ ಸಿಗುತ್ತದೆ. ಆದರೂ ವಯಸ್ಸಾದವರು ಜೊತೆಗಿದ್ದರೆ, ಲಗೇಜು ಹೆಚ್ಚಿದ್ದರೆ, ಇಳಿಯುವ ಹೊತ್ತು ಕತ್ತಲಿದ್ದರೆ ಆ ಹೆಚ್ಚಿನ ಇನ್ನೂರು ಮುನ್ನೂರು ದಂಡವಲ್ಲ.

ಸುರಂಗದ ಬಾಯಲ್ಲಿ, ಸ್ಟೇಷನ್ ಗೇಟಿನಲ್ಲಿ "ರೂಮ್ ಬೇಕಾ ಸಾರ್, ನೋಡಿ ಹೋಗಿ" ಎನ್ನುತ್ತಾ ಬ್ಯಾಗಿಗೆ ಕೈ ಹಾಕುವವರು ಸಿಗುತ್ತಾರೆ. ಅವರ ಕಮಿಷನ್ ನಿಮ್ಮ ಬಾಡಿಗೆಯೊಳಗೇ ಸೇರಿರುತ್ತದೆ. ಬ್ಯಾಗು ಬಿಡಬೇಡಿ, ನಿಲ್ಲಬೇಡಿ. ಆಟೋ ಬೇಕಿದ್ದರೆ ಸ್ಟೇಷನ್ ಹೊರಗಿನ ಪ್ರಿಪೇಯ್ಡ್ ಕೌಂಟರ್ ಇದೆ.

ಇನ್ನು ರೂಮು ನೋಡುವ ಕ್ರಮ. ಮೆಜೆಸ್ಟಿಕ್ ಸುತ್ತ ಎಲ್ಲಿ ಉಳಿದರೂ ಇದೇ. ಮೊದಲು ದುಡ್ಡು ಕೊಡಬೇಡಿ, ಕೀಲಿ ಹಿಡಿದ ಹುಡುಗನ ಜೊತೆ ಮೇಲೆ ಹೋಗಿ. ಹಾಸಿಗೆಯ ಚಾದರದ ಮೂಲೆ ಎತ್ತಿ, ಅಂಚಿನ ಹೊಲಿಗೆಯ ಸಂದಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಮೆಣಸಿನಪುಡಿ ಉದುರಿದಂಥ ಕಪ್ಪು ಚುಕ್ಕಿ ಕಂಡರೆ ತಿಗಣೆ ಇದೆ ಎಂದೇ ಲೆಕ್ಕ, ಕೆಳಗಿಳಿದುಬಿಡಿ. ನಲ್ಲಿ ತಿರುಗಿಸಿ ನೋಡಿ. ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂದು ಕೇಳಿ, ಬಹಳ ಕಡೆ ಬೆಳಿಗ್ಗೆ ಮಾತ್ರ ಬಿಡುತ್ತಾರೆ. ಕಿಟಕಿ ತೆಗೆದು ನೋಡಿ: ರಸ್ತೆಗೆ ತೆರೆದರೆ ಹಾರ್ನು, ಒಳಗಿನ ಗಾಳಿಗುಂಡಿಗೆ ತೆರೆದರೆ ಅಡುಗೆಮನೆಯ ಒಗ್ಗರಣೆ. ನಾನಾಗಿದ್ದರೆ ಎರಡನೆಯದನ್ನೇ ಆರಿಸುತ್ತೇನೆ. ಲಿಫ್ಟ್ ಇದೆಯೇ, ಇದ್ದರೆ ಓಡುತ್ತಿದೆಯೇ ಎಂದೂ ವಿಚಾರಿಸಿ. ಎಲ್ಲ ಒಪ್ಪಿಗೆಯಾದ ಮೇಲೆ ಕೌಂಟರಿನಲ್ಲಿ ತೆರಿಗೆ ಸೇರಿ ಎಷ್ಟು ಎಂದು ಕೇಳಿ, ರಶೀದಿಯ ಮೇಲೆ ನೀವು ಬಂದ ಹೊತ್ತನ್ನು ಬರೆಸಿಕೊಳ್ಳಿ. ರಿಜಿಸ್ಟರಿನಲ್ಲಿ ಐದೂವರೆ ಎಂದಿದ್ದು, ನೀವು ನಿಜಕ್ಕೂ ಒಳಗೆ ಹೋದದ್ದು ಆರೂಕಾಲಕ್ಕೆ ಎಂಬ ಜಗಳ ಮರುದಿನ ಬೆಳಿಗ್ಗೆ ಬೇಡ.

ಗಾಂಧಿನಗರ

ಬಸ್ ನಿಲ್ದಾಣದಿಂದ ಪೂರ್ವಕ್ಕೆ ಸುಬೇದಾರ್ ಛತ್ರದ ರಸ್ತೆ ದಾಟಿದರೆ ಗಾಂಧಿನಗರ. ಕನ್ನಡ ಚಿತ್ರರಂಗಕ್ಕೆ ಈ ಬಡಾವಣೆಯೇ ಅಡ್ಡಹೆಸರು. ಸಿನಿಮಾ ರೀಲಿನ ಡಬ್ಬಿಗಳು ಬಸ್ಸು, ರೈಲಿನಲ್ಲಿ ಜಿಲ್ಲೆಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಹಂಚಿಕೆದಾರರ ಕಚೇರಿ ನಿಲ್ದಾಣದ ಮಗ್ಗುಲಲ್ಲಿರುವುದೇ ಅನುಕೂಲವಿತ್ತು. ಕೆಂಪೇಗೌಡ ರಸ್ತೆಯ ಟಾಕೀಸುಗಳಲ್ಲಿ ಅನೇಕವು ಈಗಿಲ್ಲ. ಕಪಾಲಿಯನ್ನು 2017ರಲ್ಲಿ ಕೆಡವಿದರು. ಆದರೆ ಆ ಕಾಲದ ಲಾಡ್ಜುಗಳು, ಹೋಟೆಲುಗಳು ಉಳಿದಿವೆ.

ಆಯ್ಕೆ ಹೆಚ್ಚು ಇರುವುದು ಇಲ್ಲೇ. ಸಾವಿರದ ಆಸುಪಾಸಿನ ರೂಮಿನಿಂದ ಹಿಡಿದು ಎರಡು ಮೂರು ಸಾವಿರದ ಎಸಿ ರೂಮಿನವರೆಗೆ ಒಂದೇ ಬೀದಿಯಲ್ಲಿ ಸಿಗುತ್ತದೆ. ಮದುವೆ ಮುಹೂರ್ತದ ದಿನಗಳಲ್ಲಿ, ದೊಡ್ಡ ನೇಮಕಾತಿ ಪರೀಕ್ಷೆಯ ಹಿಂದಿನ ದಿನ ಈ ದರ ಏರುತ್ತದೆ. ಊಟಕ್ಕೆ ಪರದಾಡಬೇಕಿಲ್ಲ: ಬೆಳಿಗ್ಗೆ ಇಡ್ಲಿ ವಡೆ, ಮಧ್ಯಾಹ್ನ ಊಟ, ರಾತ್ರಿ ಬೇಕೆಂದರೆ ಬಿರಿಯಾನಿ. ಹರಕೆಯವರಿಗೆ ಅಣ್ಣಮ್ಮ ದೇವಸ್ಥಾನ ನಡಿಗೆಯ ದೂರ. ಫ್ರೀಡಂ ಪಾರ್ಕಿಗೆ ಪ್ರತಿಭಟನೆಗೆ ಬರುವ ಸಂಘಟನೆಯವರಿಗೂ ಇದೇ ಹತ್ತಿರ, ಹಾಗಾಗಿ ಅಧಿವೇಶನದ ದಿನಗಳಲ್ಲಿ ರೂಮು ಬೇಗ ತುಂಬುತ್ತವೆ.

ಆದರೆ ಗಾಂಧಿನಗರವೆಲ್ಲ ಒಂದೇ ಬಗೆಯಲ್ಲ. ಬಾರು, ರೆಸ್ಟೋರೆಂಟು ಸಾಲಾಗಿರುವ ಕ್ರಾಸಿನಲ್ಲಿ ರಾತ್ರಿ ಒಂದರವರೆಗೂ ಗದ್ದಲ. ಹಗಲು ಹೊತ್ತಿನಲ್ಲಿ ನೋಡಿದರೆ ಗೊತ್ತೇ ಆಗುವುದಿಲ್ಲ, ಎಲ್ಲ ಶಟರ್ ಎಳೆದಿರುತ್ತದೆ. ಕೆಳಗೆ ಬಾರು ಇರುವ ಕಟ್ಟಡದ ಲಾಡ್ಜನ್ನು ಕುಟುಂಬದವರು, ಒಬ್ಬರೇ ಬರುವ ಹೆಣ್ಣುಮಕ್ಕಳು ಬಿಟ್ಟುಬಿಡುವುದೇ ಕ್ಷೇಮ, ಬಾಡಿಗೆ ಎಷ್ಟೇ ಕಡಿಮೆ ಇರಲಿ. ಕೆಳಗೆ ಸಸ್ಯಾಹಾರಿ ಹೋಟೆಲು, ಮೇಲೆ ರೂಮು ಇರುವ ಕಟ್ಟಡ ಹುಡುಕಿ. ಗಾಂಧಿನಗರದಲ್ಲಿ ಅಂಥವು ಬೇಕಾದಷ್ಟಿವೆ, ಅಲ್ಲಿ ಬೆಳಿಗ್ಗೆ ಕಾಫಿಗೆ ಮೆಟ್ಟಿಲಿಳಿದರೆ ಸಾಕು.

ಕಾಟನ್‌ಪೇಟೆ, ಬಳೇಪೇಟೆ, ಚಿಕ್ಕಪೇಟೆ

ವ್ಯಾಪಾರಕ್ಕೆ ಬರುವವರು ಮೇಲಿನದೆಲ್ಲ ಓದಬೇಕಿಲ್ಲ, ಇಲ್ಲಿಗೇ ಬನ್ನಿ. ರೇಷ್ಮೆ ಸೀರೆಗೆ ಚಿಕ್ಕಪೇಟೆ, ಪುಸ್ತಕಕ್ಕೆ ಅವೆನ್ಯೂ ರಸ್ತೆ, ಎಲೆಕ್ಟ್ರಾನಿಕ್ಸ್ ಬಿಡಿಭಾಗಕ್ಕೆ ಎಸ್.ಪಿ. ರಸ್ತೆ, ಲಗ್ನಪತ್ರಿಕೆಗೆ ಸುಲ್ತಾನ್‌ಪೇಟೆ, ಕಾಳುಕಡಿಗೆ ತರಗುಪೇಟೆ. ಲಗ್ನದ ಜವಳಿಗೆ ಹತ್ತು ಜನ ಬಂದು, ಮಧ್ಯಾಹ್ನದ ಹೊತ್ತಿಗೆ ನಾಲ್ಕು ಗಂಟು ಕೈಯಲ್ಲಿ ಸೇರಿದ ಮೇಲೆ ರೂಮು ಹತ್ತಿರವಿರುವುದರ ಬೆಲೆ ಗೊತ್ತಾಗುತ್ತದೆ. ಇಟ್ಟು ಬಂದು ಮತ್ತೆ ಅಂಗಡಿ ಹತ್ತಬಹುದು. ನಮ್ಮ ಚಿಕ್ಕಪ್ಪನಿಗೆ ಜವಳಿ ವ್ಯಾಪಾರ. ಮಕ್ಕಳು ಎಷ್ಟು ಒಳ್ಳೆಯ ಹೋಟೆಲ್ ಬುಕ್ ಮಾಡಿಕೊಟ್ಟರೂ ಅವರು ಕಾಟನ್‌ಪೇಟೆಯ ತಮ್ಮ ಹಳೆ ಲಾಡ್ಜು ಬಿಡುವುದಿಲ್ಲ. ಪಾರ್ಸೆಲ್ ಕಚೇರಿ ಎದುರಿಗೇ ಇದೆ, ಅಷ್ಟು ಸಾಕು ಎನ್ನುತ್ತಾರೆ.

ಬಾಡಿಗೆ ಇಡೀ ಸುತ್ತಮುತ್ತಲಲ್ಲೇ ಕಡಿಮೆ ಎನ್ನಬಹುದು. ರೂಮುಗಳೂ ಹಾಗೇ: ಚಿಕ್ಕವು, ಹಳೆಯವು, ಗಾಳಿ ಕಡಿಮೆ. ಬೀದಿಗಳಲ್ಲಿ ಕೈಗಾಡಿ, ಗೂಡ್ಸ್ ಆಟೋ, ಹಮಾಲರು. ಹಗಲಲ್ಲಿ ಆಟೋ ಬಾಗಿಲವರೆಗೆ ಬರಲು ಒಪ್ಪುವುದಿಲ್ಲ. ಅಂಗಡಿ ಮುಚ್ಚಿದ ಮೇಲೆ ಕೆಲವು ಓಣಿಗಳು ತೀರಾ ನಿರ್ಜನ. ಆಸ್ಪತ್ರೆಗೆ ಬಂದವರಿಗೆ, ಮಕ್ಕಳಿರುವವರಿಗೆ ನಾನು ಹೇಳುವುದಿಲ್ಲ. ವಿಕ್ಟೋರಿಯಾದಲ್ಲಿ ದಾಖಲಾದವರ ಜೊತೆ ಒಬ್ಬ ಗಂಡಸು ಉಳಿಯಬೇಕಿದ್ದರೆ ಮಾತ್ರ ಸರಿ, ಚಿಕ್ಕಪೇಟೆಯಿಂದ ಮೆಟ್ರೋದಲ್ಲಿ ಒಂದೇ ಸ್ಟಾಪು.

ಆನಂದರಾವ್ ಸರ್ಕಲ್, ಶೇಷಾದ್ರಿಪುರ, ಕುಮಾರ ಪಾರ್ಕ್

ಖಾಸಗಿ ಸ್ಲೀಪರ್ ಬಸ್ಸಿನವರಿಗೆ ಆನಂದರಾವ್ ಸರ್ಕಲ್ ಗೊತ್ತಿರುವ ಜಾಗವೇ. ಬಸ್ಸು ಇಳಿಸುವುದೂ ಹತ್ತಿಸುವುದೂ ಅಲ್ಲೇ. ಅಲ್ಲಿಂದ ಉತ್ತರಕ್ಕೆ ಹೋದಂತೆ ಮೆಜೆಸ್ಟಿಕ್‌ನ ಗಜಿಬಿಜಿ ಇಳಿಯುತ್ತದೆ, ಮರಗಳು ಕಾಣಿಸುತ್ತವೆ, ಬಾಡಿಗೆ ಏರುತ್ತದೆ. ಇಲ್ಲಿ ಹೋಟೆಲುಗಳೆಲ್ಲ ಹೆಚ್ಚಾಗಿ ಮಧ್ಯಾಹ್ನ 12ರ ಲೆಕ್ಕದವು, ಸ್ವಚ್ಛತೆ ಮೇಲು, ಕಾರು ನಿಲ್ಲಿಸಲು ಜಾಗ ಉಂಟು. ಸ್ಟೇಷನ್ನಿಂದ ಆಟೋ ಬೇಕೇಬೇಕು. ಒಬ್ಬರೇ ಬರುವ ಹೆಣ್ಣುಮಕ್ಕಳು, ಕಂಪನಿ ಖರ್ಚಿನಲ್ಲಿ ಬರುವವರು, ಕೈಗೂಸಿನವರು ಎರಡು ಸಾವಿರಕ್ಕೆ ಹಿಂಜರಿಯದಿದ್ದರೆ ಇಲ್ಲಿಗೇ ಬರಲಿ.

ಹಳಿಯಾಚೆ, ಮತ್ತು ಒಂದು ಸ್ಟಾಪು ಮುಂದೆ

ಸ್ಟೇಷನ್ನಿನ ಹಿಂಬದಿ ಪ್ರವೇಶದ ಕಡೆ ಮಾಗಡಿ ರಸ್ತೆಯಲ್ಲೂ ಲಾಡ್ಜುಗಳಿವೆ. ಅತ್ತ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ’ ಎಂಬ ಹೆಸರಿನ ಮೆಟ್ರೋ ಸ್ಟೇಷನ್ ಇದೆ. ರೈಲಿಳಿದು ರೈಲು ಹತ್ತುವುದಷ್ಟೇ ಕೆಲಸವಾದರೆ ಪರವಾಗಿಲ್ಲ. ಬಸ್ ನಿಲ್ದಾಣದ ಕೆಲಸವಿದ್ದರೆ ಬೇಡ.

ಮೂರು ದಿನಕ್ಕೂ ಮೇಲೆ ಉಳಿಯುವವರಿಗೆ ನನ್ನ ಸಲಹೆ ಮೆಜೆಸ್ಟಿಕ್ ಅಲ್ಲವೇ ಅಲ್ಲ. ಹಸಿರು ಮಾರ್ಗದಲ್ಲಿ ಒಂದೇ ಸ್ಟಾಪು ಮುಂದೆ, ಸಂಪಿಗೆ ರಸ್ತೆಯಲ್ಲಿ ಇಳಿದು ಮಲ್ಲೇಶ್ವರದಲ್ಲಿ ರೂಮೋ ಪಿಜಿಯೋ ಹಿಡಿಯಿರಿ. ಸಂಜೆ ನಡೆದಾಡಲು ಫುಟ್‌ಪಾತಿದೆ, ತರಕಾರಿ ಹೂವಿನ ಅಂಗಡಿಗಳಿವೆ, ಸಿಟಿಆರ್ ಹೋಟೆಲಿನ ಬೆಣ್ಣೆ ಮಸಾಲೆ ದೋಸೆ ಇದೆ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಚೇರಿ 18ನೇ ಕ್ರಾಸಿನಲ್ಲೇ ಇರುವುದರಿಂದ ಸೀಟು, ದಾಖಲೆ ಪರಿಶೀಲನೆ ಎಂದು ಬರುವ ತಂದೆ ತಾಯಂದಿರಿಗೂ ಅನುಕೂಲ. ದಿನವೂ ಓಡಾಡುವ ಖರ್ಚಿನ ಬಗ್ಗೆ ಯೋಚಿಸುವವರಿಗೆ ಒಂದು ಮಾತು: ರಾಜ್ಯದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ. ತಾಯಿ ಮಗಳು ಇಬ್ಬರೇ ಬಂದಿದ್ದರೆ ದೂರದ ರೂಮಿನಿಂದ ಓಡಾಡಲು ಒಂದು ಪೈಸೆಯೂ ಬೇಡ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ಎಸಿ ಬಸ್ಸಿಗೆ, ವಿಮಾನ ನಿಲ್ದಾಣದ ವಾಯುವಜ್ರಕ್ಕೆ ಇದು ಅನ್ವಯಿಸುವುದಿಲ್ಲ.

ವಿಮಾನದ ಮಾತು ಬಂದದ್ದರಿಂದ: ಕೆಐಎ-9 ಬಸ್ಸು ಮೆಜೆಸ್ಟಿಕ್‌ನಿಂದಲೇ ಹೊರಡುತ್ತದೆ. ಬೆಳಗಿನ ವಿಮಾನಕ್ಕೆ ಊರಿಂದ ಹಿಂದಿನ ರಾತ್ರಿಯೇ ಬಂದವರು ಸ್ಟೇಷನ್ ಎದುರು ಮಲಗಿದ್ದು ಹೊರಡುವುದೇ ಸರಿ, ಕುಮಾರ ಪಾರ್ಕಿನ ಮೆತ್ತನೆ ಹಾಸಿಗೆಗೆ ಆಸೆಪಡಬೇಡಿ. ಮೆಟ್ರೋ ನಂಬಿಕೊಂಡು ಬೆಳಗಿನ ರೈಲಿಗೆ ಹೊರಡುವವರು ವಾರ ನೋಡಿಕೊಳ್ಳಿ, ಭಾನುವಾರ ಮೊದಲ ಗಾಡಿ ಉಳಿದ ದಿನಗಳಿಗಿಂತ ತಡ.

ಬೆಳಿಗ್ಗೆ ಬಂದು ರಾತ್ರಿ ಹೊರಡುವ ಒಂಟಿ ಗಂಡಸಿಗೆ ಒಮ್ಮೊಮ್ಮೆ ರೂಮೇ ಬೇಡ. ಸ್ಟೇಷನ್ನಿನ ವಿಶ್ರಾಂತಿ ಕೊಠಡಿಯಲ್ಲಿ ಮುಖ ತೊಳೆದು, ಕ್ಲೋಕ್ ರೂಮಿನಲ್ಲಿ ಬ್ಯಾಗಿಟ್ಟು ಹೋದರೆ ಮುಗಿಯಿತು. ಬ್ಯಾಗಿಗೆ ಬೀಗ ಇರಲೇಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಪ್ರಯಾಣದ ಟಿಕೆಟ್ಟೂ ತೋರಿಸಬೇಕು. ಬೀಗ ತರಲು ಮರೆತವರಿಗೆ ಹೊರಗೆ ಸುರಂಗದಾರಿಯಲ್ಲಿ ಸಿಗುತ್ತದೆ. ಮೊದಲು ಹೇಳಿದ ಬೆಲೆಗೆ ಮಾತ್ರ ಕೊಳ್ಳಬೇಡಿ.